ಎರಡನೇ ಭಾಗ ವಾಪಸು

ಶ್ರೀರಾಮಪುರದ ಮೆಟ್ರೋ ಕಂಬದ ನೆರಳು
ಮಧ್ಯಾಹ್ನ ಮೂರಕ್ಕೆ ನನ್ನ ಲೈಬ್ರರಿಯ ಹೊಸ್ತಿಲು ದಾಟುತ್ತದೆ.
ದಿನಕ್ಕೆ ಐದು ರೂಪಾಯಿ ಬಾಡಿಗೆ. ಗೀಚಿದರೆ ಹತ್ತು ದಂಡ.

ಈ ಕಾದಂಬರಿ ಮೂರು ಭಾಗ.
ಮೊದಲನೆಯದರಲ್ಲಿ ಅವಳು ಓಡುತ್ತಾಳೆ,
ದೀಪದ ಕಂಬಕ್ಕೆಲ್ಲ ಕಣ್ಣಿರುವ ಊರಿನಿಂದ,
ಚರಂಡಿ, ಸೇತುವೆ, ಒದ್ದೆ ಚಪ್ಪಲಿ, ಒಂದೇ ಉಸಿರು.
ಎರಡನೆಯದರಲ್ಲಿ ಕೂರುತ್ತಾಳೆ.
ಒಂದು ಕೋಣೆ, ಇನ್ನೂರ ನಲವತ್ತು ಪುಟ.
ಕೊನೆಗೆ ಯಾರೋ ಬಾಗಿಲು ತಟ್ಟುತ್ತಾರೆ. ಅಷ್ಟೆ.
ಮೂರನೆಯದು ಇನ್ನೂ ಬಂದಿಲ್ಲ.

"ಮೋಸ ಆಂಟಿ" ಅಂದ ಪಿಯುಸಿ ಓದುವ ಜೋಯಲ್,
ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ.
"ಐವತ್ತು ಪುಟ ಬರೀ ಫ್ಯಾನು ತಿರುಗುತ್ತೆ."
ಒಂಬತ್ತು ದಿನ ಇಟ್ಟುಕೊಂಡಿದ್ದ.
ತಟ್ಟಿದ್ದು ಪೊಲೀಸರೇ, ಬೆಟ್ಟು ಎಷ್ಟಕ್ಕೆ, ಅಂತಾನೆ.

ಬ್ಲೌಸು ಹೊಲಿಯುವ ನಸೀಮಾ ಬೇರೆ ಹೇಳಿದಳು:
"ಹಾಲು ಕೊಟ್ಟು ಹೆಸರೂ ಕೊಟ್ಟಳಲ್ಲ ಪಕ್ಕದ ಮನೆಯವಳು,
ಅವಳನ್ನ ಬೈಯಕ್ಕೆ ನನಗೆ ಬಾಯಿ ಬರಲ್ಲ.
ಮಗನ ಶಾಲೆ ಅವರ ಕೈಲಿತ್ತು."
ಹಲ್ಲಿನಿಂದ ದಾರ ಕಚ್ಚಿದಳು.
"ತಟ್ಟಿದ್ದೂ ಅವಳೇ. ಪಾತ್ರೆ ವಾಪಸು ಕೇಳಕ್ಕೆ."

ಪಿಳ್ಳಪ್ಪನವರು ನೀರಿನ ಮೀಟರು ಓದಿ ನಿವೃತ್ತರಾದವರು.
ಮೀಟರಿಗೆ ಎಲ್ಲ ಗೊತ್ತಿರುತ್ತಮ್ಮ, ಅಂದರು,
ಯಾರ ಮನೆಗೆ ನೆಂಟರು ಬಂದರು,
ಯಾರ ಮನೆಯಲ್ಲಿ ಒಬ್ಬರು ಕಮ್ಮಿಯಾದರು.
ನಾನು ಯಾರಿಗೂ ಹೇಳಲಿಲ್ಲ.
ಕನ್ನಡಕ ಒರೆಸಿಕೊಂಡು ಸೇರಿಸಿದರು:
ಯಾರೂ ಕೇಳಲಿಲ್ಲ, ಅದಕ್ಕೆ.

ಚನ್ನಂಕೇಗೌಡನಿಗೆ ಸಿಟ್ಟೇ ಬಂದಿತ್ತು.
ಕಂಟ್ರೋಲ್ ರೂಮಿನಲ್ಲಿ ರಾತ್ರಿ ಪಾಳಿ, ಮೂವತ್ತೆರಡು ಪರದೆ.
"ಇದರಲ್ಲಿ ಕಾವಲಿನವನು ಒಂದು ಸಲವಾದರೂ ಆಕಳಿಸ್ತಾನಾ?
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೂ ನಮಗೆ ಕಾಣೋದು
ಒಂದು ನಾಯಿ, ಹೂವಿನ ಲಾರಿ, ಮತ್ತೆ ಅದೇ ನಾಯಿ."
ಆಮೇಲೆ ದನಿ ಇಳಿಸಿದ:
ಓಕಳಿಪುರದ ಅಂಡರ್‌ಪಾಸಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ
ಒಬ್ಬ ಹೆಂಗಸು, ಕೈಯಲ್ಲಿ ಪೊರಕೆ,
ಕ್ಯಾಮೆರಾ ಕಡೆ ನೋಡಿ ಸೆರಗು ಸರಿಮಾಡಿಕೊಂಡು ಹೋಗುತ್ತಾಳಂತೆ.
ಅವಳು ಬರದ ದಿನ ಮನೆಗೆ ಹೋದರೂ ಇವನಿಗೆ ನಿದ್ದೆ ಹತ್ತುವುದಿಲ್ಲ.

ಅವರು ಹೋದ ಮೇಲೆ ನಾನು ಪುಟ ತಿರುಗಿಸುತ್ತೇನೆ. ಅಭ್ಯಾಸ.
ಎಂಬತ್ತೆಂಟರಲ್ಲಿ ಜೋಯಲನ ಚಟ್ನಿ.
ನೂರ ಐವತ್ತೊಂದರಲ್ಲಿ ಗುರುತಿಗಿಟ್ಟು ಮರೆತ ಸೂಜಿ.
ಗೌಡ ಮಡಚಿದ ಮೂಲೆ ಇನ್ನೂರ ಹನ್ನೆರಡು,
ಕಾವಲಿನವನ ಅಧ್ಯಾಯದ ನಡುವೆಯೇ ಅವನಿಗೆ ತೂಕಡಿಕೆ.
ಯಾರು ಎಲ್ಲಿ ನಿಂತರು, ಯಾವ ಸಾಲಿಗೆ ಬೆವರಿದರು,
ರಿಜಿಸ್ಟರು ತೆಗೆದರೆ ತಾರೀಖು ಸಮೇತ ಹೇಳಬಲ್ಲೆ.
ಮೀಟರು ನಾನೂ ಓದುತ್ತೇನೆ.

ಒಂದು ಕೈ ಮಾತ್ರ ಗೊತ್ತಾಗಲಿಲ್ಲ.
"ಯಾರೂ ನೋಡದಿದ್ದರೆ ನಾನು ಇದ್ದೇನಾ" ಅಂತ
ಕೋಣೆಯಲ್ಲಿ ಅವಳು ಕೇಳಿಕೊಳ್ಳುವ ಕಡೆ
ಅಂಚಿನಲ್ಲಿ ಸಣ್ಣಗೆ, ಪೆನ್ಸಿಲಿನಲ್ಲಿ: ಇದ್ದೀಯ.
ರಬ್ಬರು ತೆಗೆದೆ. ಮತ್ತೆ ಡ್ರಾಯರಿಗೆ ಹಾಕಿದೆ.

ಮೂವರಲ್ಲಿ ನಾನು ನಡುವಿನವಳು.
ಅಕ್ಕನ ಹೆಸರಿಗೆ ಪಂಚಾಂಗ ತೆಗೆದಿದ್ದರು,
ತಂಗಿ ಹುಟ್ಟಿದಾಗ ಎಲ್ಲರೂ ಒಟ್ಟಿಗೆ "ಸಾಕು" ಅಂದಿದ್ದರು.
ನನ್ನ ಬಗ್ಗೆ ಯಾರಿಗೂ ಏನೂ ನೆನಪಿಲ್ಲ.
ಏನೂ ಆಗಲ್ಲ ಅನ್ನುವ ಪುಸ್ತಕದ ಮೇಲೆ
ನನಗೆ ಕೋಪ ಬರದಿರುವುದಕ್ಕೆ ಇದೂ ಕಾರಣ ಇರಬಹುದು.

ಷಟರು ಅರ್ಧ ಇಳಿಸಿದ್ದೆ, ಬಗ್ಗಿ ಒಳಗೆ ಬಂದಳು.
ಎರಡನೇ ಭಾಗ ಇದೆಯಾ?
ಮೊದಲನೆಯದು ಹೊರಗೆ ಹೋಗಿದೆ, ಅಂದೆ.
"ಪರವಾಗಿಲ್ಲ, ನಡುವಿನಿಂದಲೇ ಓದ್ತೀನಿ."
ಹೆಸರು ಕೇಳಿದೆ, ಹೇಳಿದಳು.
ಕೈಯಲ್ಲಿ ಪೆನ್ನು, ಮುಂದೆ ಖಾಲಿ ಸಾಲು.
"ಒಬ್ಬರು" ಅಂತ ಬರೆದೆ.